ಕಡಲು ನೀರನ್ನು ಕದಡಿಕೊಂಡದ್ದು

ಮಕ್ಕಳೇ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕತೆ ಬರೆದು ಅಭ್ಯಾಸವಿಲ್ಲ. ಈ ಕತೆಯನ್ನು ನನ್ನ ಅಜ್ಜಿ ಹೇಳುತ್ತಿದ್ದಳು. ಅವಳು ಹೇಳುವಾಗ ನಾವು ಉಣ್ಣುವುದನ್ನೂ ಮರೆತು ಕೇಳುತ್ತಿದ್ದೆವು. ನಾನು ಬರೆದದ್ದನ್ನು ಓದಿದರೆ ನಿಮಗೆ ಆಕಳಿಕೆ ಬರಬಹುದು. ಬಂದರೆ ಅದು ನನ್ನ ತಪ್ಪು, ಕತೆಯ ತಪ್ಪಲ್ಲ.

ನಾನು ಯಾರು ಎಂದು ಹೇಳಬೇಕಲ್ಲ. ನಾನು ನಿಮ್ಮ ನಾಲ್ಕನೇ ಕ್ಲಾಸಿನ ಪ್ರಣಮ್ಯಳ ಅಜ್ಜ, ಜಟ್ಟಪ್ಪ ಮೊಗೇರ. ನಿಮ್ಮ ಕೈಬರಹದ ಪತ್ರಿಕೆಗೆ ಅಜ್ಜ ಅಜ್ಜಿಯರಿಂದ ಒಂದೊಂದು ಕತೆ ಬೇಕೆಂದು ಟೀಚರ್ ಹೇಳಿದರಂತೆ. ಪ್ರಣಮ್ಯಳ ಅಮ್ಮ ರೇವತಿ ನನ್ನ ಮಗಳು. ಅವಳು ಸ್ಕೂಬಾ ಕಲಿಸುವವಳು. ಸ್ಕೂಬಾ ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಮುಳುಗಿ ಉಸಿರಾಡುವುದು. ದೂರದ ಊರಿನವರು ಬರುತ್ತಾರೆ. ರೇವತಿ ಅವರ ಕೈ ಹಿಡಿದು ನಮ್ಮ ಕರೆಯ, ಅಂದರೆ ಕಡಲ ದಡದ, ಎದುರಿನ ನಡುಗಡ್ಡೆಯ ಬುಡಕ್ಕೆ ಇಳಿಸಿ, ಮೀನು ತೋರಿಸಿ, ಮೇಲೆ ಕರೆತರುತ್ತಾಳೆ. ನಾನು ಬೋಟಿನಲ್ಲಿ ಕೂತಿರುತ್ತೇನೆ. ಮಳೆಗಾಲ ಮುಗಿದ ಮೇಲೆ ಮೊದಲ ದಿನ ನೀರು ಹೇಗಿದೆ ನೋಡಲು ಅವಳೊಬ್ಬಳೇ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಯುತ್ತಾಳೆ. ಆ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿರುತ್ತದೆ.

ಇವತ್ತು ಆ ಮೊದಲ ದಿನ. ಮೂರು ದಿನದಿಂದ ಬರೆಯುತ್ತಾ ಇದ್ದೇನೆ, ಉಳಿದದ್ದನ್ನು ಬೋಟಿನಲ್ಲೇ ಬರೆದು ಮುಗಿಸಬೇಕು. ರೇವತಿ ಕರೆದರೆ ಅರ್ಧಕ್ಕೆ ಬಿಟ್ಟು ಹೋಗುತ್ತೇನೆ, ಬೇಜಾರು ಮಾಡಬೇಡಿ.

ಮೊನ್ನೆ ಪ್ರಣಮ್ಯ ಕೇಳಿದಳು, "ಅಜ್ಜ, ಈಗ ನೀರು ಚಾದ ಹಾಗೆ ಇದೆ. ಅಮ್ಮ ಒಳಗೆ ಹೋದರೆ ನಿಂಗೆ ಕಾಣ್ತಾಳಾ?"

"ಇಲ್ಲ," ಎಂದೆ.

"ಮತ್ತೆ ಅವಳು ಇದ್ದಾಳೆ ಅಂತ ನಿಂಗೆ ಹೇಗೆ ಗೊತ್ತಾಗ್ತದೆ?"

ಅವಳ ಮುಖ ಸಣ್ಣದಾಗಿತ್ತು. ಸುಮ್ಮನೆ ಕೇಳಿದ ಪ್ರಶ್ನೆಯಲ್ಲ ಎಂದು ತಿಳಿಯಿತು. ಅದಕ್ಕೆ ಉತ್ತರವೇ ಈ ಕತೆ. ಸ್ವಲ್ಪ ಬೇಸರದ ಕತೆ. ಅದಕ್ಕೂ ಕ್ಷಮಿಸಿ.

*

ಲೋಕ ಆಗಷ್ಟೇ ಆಗಿತ್ತು. ಬೆಟ್ಟಗಳ ಮೈ ಇನ್ನೂ ಒಣಗಿರಲಿಲ್ಲ. ಏಡಿ ನೇರ ನಡೆಯಬೇಕೋ ಅಡ್ಡ ನಡೆಯಬೇಕೋ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ.

ಆಗ ಕಡಲ ನೀರು ವರ್ಷವಿಡೀ ತಿಳಿಯಾಗಿತ್ತು. ತಿಳಿ ಎಂದರೆ ಎಷ್ಟು ತಿಳಿ? ದೋಣಿಯಲ್ಲಿ ಕೂತು ಬಗ್ಗಿದರೆ ತಳದ ಮರಳಿನಲ್ಲಿ ಹುಳ ಹರಿದ ಗೆರೆ ಕಾಣುತ್ತಿತ್ತು. ನೀರು ತಿಳಿಯಾಗಿತ್ತು. ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು.

ಯಾಕೆ ಹಾಗಿತ್ತು ಎಂದು ಹೇಳುತ್ತೇನೆ. ಆಗ ನದಿ ಕಡಲಿಗೆ ಕೆಸರು ತರುತ್ತಿರಲಿಲ್ಲ. ಅಂಗಳದಲ್ಲಿ ಕಾಲು ತೊಳೆದು ಮನೆಯೊಳಗೆ ಬರುವವರ ಹಾಗೆ, ಮಣ್ಣನ್ನೆಲ್ಲ ದಂಡೆಯಲ್ಲೇ ಬಿಟ್ಟು ಬರುತ್ತಿತ್ತು. ಗಾಳಿ ನೀರನ್ನು ಕಲಕುತ್ತಿರಲಿಲ್ಲ, ಮೇಲಿನಿಂದ ಸವರಿಕೊಂಡು ಹೋಗುತ್ತಿತ್ತು. ಕಡಲಿನ ತೀರಾ ಕೆಳಗೆ, ಬಿಸಿಲೇ ಮುಟ್ಟದ ಕಡೆ, ತಣ್ಣನೆಯ ನೀರು ಮಲಗಿತ್ತು. ಅದು ಬಹಳ ಹಳೆಯ ನೀರು. ಎಲ್ಲರೂ ಅದನ್ನು ತಳದಜ್ಜಿ ಎನ್ನುತ್ತಿದ್ದರು. ತಳದಜ್ಜಿ ಯಾವತ್ತೂ ಎದ್ದು ಮೇಲೆ ಬಂದವಳಲ್ಲ.

ಮತ್ತೆ ಸೆಳವು. ಸೆಳವು ಎಂದರೆ ಕಡಲಿನೊಳಗೆ ಹರಿಯುವ ನೀರು. ನದಿ ನೆಲದ ಮೇಲೆ ಹರಿಯುತ್ತದಲ್ಲ, ಹಾಗೆ ನೀರಿನೊಳಗೇ ನೀರು ಹರಿಯುತ್ತದೆ. ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಒಳಗಿದ್ದವರಿಗೆ ಗೊತ್ತಾಗುತ್ತದೆ. ಆಗ ಸೆಳವಿಗೆ ಒಂದೇ ದಾರಿ. ತೆಂಕಿನಿಂದ ಬಡಗಿಗೆ. ತೆಂಕು ಎಂದರೆ ದಕ್ಷಿಣ, ಬಡಗು ಎಂದರೆ ಉತ್ತರ. ಅದು ತಿರುಗಿ ನೋಡುತ್ತಿರಲಿಲ್ಲ, ತಿರುಗಿ ಬರುತ್ತಿರಲಿಲ್ಲ.

ಆ ಕರೆಯಲ್ಲಿ ಕುಪ್ಪಮ್ಮ ಎಂಬವಳಿದ್ದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಪದ್ದಿ, ಹದಿನಾರು ವರ್ಷ. ಚಿಕ್ಕವಳು ಚಿಕ್ಕಿ, ಮೂರು ವರ್ಷ. ಕುಪ್ಪಮ್ಮನ ಗಂಡ ಎಲ್ಲಿ ಎಂದು ನನ್ನ ಅಜ್ಜಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಡುಗಡ್ಡೆಯ ಬಂಡೆಗಳಿಗೆ ಪಚ್ಚಿಲೆ ಅಂಟಿಕೊಂಡಿರುತ್ತದೆ. ಪಚ್ಚಿಲೆ ನಿಮಗೆಲ್ಲ ಗೊತ್ತು, ಹಸಿರು ಅಂಚಿನ ಕಪ್ಪು ಚಿಪ್ಪು, ಒಳಗೆ ತಿನ್ನುವ ಮಾಂಸ. ಪದ್ದಿ ಉಸಿರು ಕಟ್ಟಿ ಮುಳುಗಿ ಪಚ್ಚಿಲೆ ಕಿತ್ತು ತರುತ್ತಿದ್ದಳು. ಅವಳ ಸೊಂಟಕ್ಕೆ ತೆಂಗಿನ ನಾರಿನ ಹಗ್ಗ. ದೋಣಿಯಲ್ಲಿ ಕೂತ ಕುಪ್ಪಮ್ಮನ ಕೈಯಲ್ಲಿ ಹಗ್ಗದ ಇನ್ನೊಂದು ತುದಿ. ಕೆಳಗಿನಿಂದ ಒಂದು ಸಲ ಎಳೆದರೆ 'ಚೀಲ ತುಂಬಿತು' ಎಂದು ಅರ್ಥ. ಎರಡು ಸಲ ಎಳೆದರೆ 'ನನ್ನನ್ನು ಎಳೆದುಕೋ' ಎಂದು ಅರ್ಥ. ನಾನೂ ರೇವತಿಯೂ ಇವತ್ತಿಗೂ ಅದನ್ನೇ ಇಟ್ಟುಕೊಂಡಿದ್ದೇವೆ.

ಒಂದು ದಿನ ಬೆಳಿಗ್ಗೆ ತಾಯಿ ಮಗಳು ಚಿಕ್ಕಿಯನ್ನು ಪಕ್ಕದ ಗುಡಿಸಲಿನ ಮುದುಕಿಯ ಹತ್ತಿರ ಬಿಟ್ಟು ದೋಣಿ ಇಳಿಸಿದರು.

"ಅಮ್ಮಾ, ಇವತ್ತು ಚೀಲ ತುಂಬದಿದ್ದರೆ ಬೈಬೇಡ," ಎಂದಳು ಪದ್ದಿ.

"ನಾನು ಬೈಯುವುದಿಲ್ಲ. ಚಿಕ್ಕಿ ಬೈಯುತ್ತಾಳೆ. ನಿನ್ನೆ ನೀನು ತಂದದ್ದು ಅವಳ ಒಂದು ಹಲ್ಲಿಗೂ ಸಾಲಲಿಲ್ಲವಂತೆ."

"ಮೂರು ವರ್ಷದವಳಿಗೆ ಅದೆಂತ ಹೊಟ್ಟೆಯೋ, ಹಂಡೆಯೋ!"

"ನಿನ್ನ ತಂಗಿ ಅಲ್ಲವಾ. ನಿನ್ನ ಹಾಗೇ."

ಪದ್ದಿ ನಕ್ಕಳು. ನಗುತ್ತಲೇ ಉಸಿರು ತುಂಬಿಕೊಂಡು ಮುಳುಗಿದಳು.

ಕುಪ್ಪಮ್ಮ ಬಗ್ಗಿ ನೋಡಿದಳು. ನೀರು ತಿಳಿಯಾಗಿತ್ತು. ಪದ್ದಿಯ ಜಡೆ, ಜಡೆಯ ತುದಿಯ ಕೆಂಪು ದಾರ, ಬಂಡೆಗೆ ಉಳಿ ಹಾಕುವ ಕೈ, ಎಲ್ಲ ಕಾಣುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಪದ್ದಿ ಮೇಲೆ ಬಂದಳು, ಮತ್ತೆ ಇಳಿದಳು. ಹಾಗೆ ಎಂಟು ಹತ್ತು ಸಲ ಆಯಿತು. ದೋಣಿಯಲ್ಲಿ ಪಚ್ಚಿಲೆಯ ರಾಶಿ ಬಿತ್ತು. ಮನೆಗೆ ಹೋಗಿ ಬಿಡಿಸುವ ಬದಲು ಇಲ್ಲೇ ಬಿಡಿಸಿದರೆ ಬೇಗ ಬೇಯಿಸಬಹುದು, ಚಿಕ್ಕಿ ಹಸಿದಿರುತ್ತಾಳೆ ಎಂದು ಕುಪ್ಪಮ್ಮ ಯೋಚಿಸಿದಳು. ಚಿಪ್ಪು ಬಿಡಿಸಲು ಎರಡು ಕೈ ಬೇಕು. ಅವಳು ಹಗ್ಗವನ್ನು ದೋಣಿಯ ಅಡ್ಡಹಲಗೆಗೆ ಕಟ್ಟಿದಳು. ಗಟ್ಟಿಯಾಗಿಯೇ ಕಟ್ಟಿದಳು.

'ಕಾಣುತ್ತಾಳಲ್ಲ,' ಎಂದುಕೊಂಡಳು.

ಇಲ್ಲಿ ಒಂದು ಮಾತು. ಅವಳು ಕೆಟ್ಟ ತಾಯಿ ಅಲ್ಲ. ಸೋಮಾರಿಯೂ ಅಲ್ಲ. ಮಗಳು ಕಣ್ಣೆದುರೇ ಇದ್ದಾಳೆ ಎಂದು ಕೈ ಬಿಟ್ಟಳು, ಅಷ್ಟೆ. ನನ್ನ ಅಜ್ಜಿ ಇದನ್ನು ಪ್ರತಿ ಸಲವೂ ಹೇಳುತ್ತಿದ್ದಳು, ಅದಕ್ಕೆ ನಾನೂ ಬರೆದಿದ್ದೇನೆ.

ಹನ್ನೊಂದನೇ ಸಲವೋ ಏನೋ ಪದ್ದಿ ಇಳಿದಾಗ ಅವಳ ಕಾಲು ಬಂಡೆಯ ಬಿರುಕಿಗೆ ಸಿಕ್ಕಿತು. ಸೆಳವು ಅದೇ ಹೊತ್ತಿಗೆ ಬಡಗಿಗೆ ಹೋಗುತ್ತಿತ್ತು. ಅದು ಹೋಗುವ ಭರಕ್ಕೆ ಕಾಲು ಇನ್ನೂ ಒಳಗೆ ಒತ್ತಿಕೊಂಡಿತು.

ಪದ್ದಿ ಹಗ್ಗವನ್ನು ಎರಡು ಸಲ ಎಳೆದಳು. ಮೇಲೆ ಅಡ್ಡಹಲಗೆ ಎರಡು ಸಲ ಕಿರ್ರೆಂದಿತು. ಹಲಗೆಗೆ ಎಂತ ಗೊತ್ತು? ಅದು ಮರ.

ಮತ್ತೆ ಎರಡು ಸಲ ಎಳೆದಳು.

ಆಮೇಲೆ ಕೈ ಮೇಲೆತ್ತಿ ಬೀಸಿದಳು.

ಕುಪ್ಪಮ್ಮ ಚಿಪ್ಪು ಬಿಡಿಸುತ್ತಾ ಬಗ್ಗಿ ನೋಡಿದಳು. ನೀರು ತಿಳಿಯಾಗಿತ್ತು. ಮಗಳು ಕಾಣುತ್ತಿದ್ದಳು. ಮಗಳು ಕೈ ಬೀಸುತ್ತಿದ್ದಳು. ಏನೋ ಚೆಂದದ ಮೀನು ಕಂಡಿರಬೇಕು, ತನಗೆ ತೋರಿಸುತ್ತಿದ್ದಾಳೆ ಎಂದುಕೊಂಡಳು.

ಕುಪ್ಪಮ್ಮ ನಗುತ್ತಾ ತಾನೂ ಕೈ ಬೀಸಿದಳು.

ನನ್ನ ಅಜ್ಜಿ ಇಲ್ಲಿ ಸ್ವಲ್ಪ ಹೊತ್ತು ಮಾತಾಡುತ್ತಿರಲಿಲ್ಲ. ಬರವಣಿಗೆಯಲ್ಲಿ ಅದನ್ನು ಹೇಗೆ ಮಾಡುವುದೋ ನನಗೆ ಗೊತ್ತಿಲ್ಲ. ನೀವೂ ಇಲ್ಲಿ ಒಂದು ಕ್ಷಣ ನಿಲ್ಲಿ.

ಮತ್ತೆ ಬಗ್ಗಿದಾಗ ಪದ್ದಿಯ ಕೈ ಇನ್ನೂ ಆಡುತ್ತಿತ್ತು. ಆದರೆ ಅದು ನೀರುಹುಲ್ಲು ಆಡುವ ಹಾಗೆ ಆಡುತ್ತಿತ್ತು. ಬೀಸುವ ಕೈ ಬೇರೆ, ಸೆಳವಿನಲ್ಲಿ ತೂಗುವ ಕೈ ಬೇರೆ. ಕುಪ್ಪಮ್ಮನಿಗೆ ಆಗ ತಿಳಿಯಿತು.

ಅವಳು ಹಗ್ಗ ಎಳೆದಳು. ಬಂಡೆಯ ಚಿಪ್ಪುಗಳು ಕತ್ತಿಯ ಹಾಗೆ ಹರಿತ. ಅವಕ್ಕೆ ಉಜ್ಜಿ ಉಜ್ಜಿ ಹಗ್ಗ ತುಂಡಾಗಿ, ಬರಿಯ ತುದಿ ಮೇಲೆ ಬಂತು. ಅವಳು ದೋಣಿಯಂಚಿಗೆ ಎದೆ ಕೊಟ್ಟು ಕೈ ಚಾಚಿದಳು. ಮಗಳು ಅಲ್ಲೇ ಇದ್ದಳಲ್ಲ, ಕೈಗೆ ಸಿಗುವಷ್ಟು ಹತ್ತಿರ! ಭುಜದವರೆಗೆ ನೀರಿಗೆ ಹಾಕಿದಳು. ಸಿಗಲಿಲ್ಲ. ಹಾರಿ ಮುಳುಗಿದಳು. ಅವಳ ಉಸಿರು ಆರು ಮಾರಿಗೇ ಮುಗಿಯಿತು. ಪದ್ದಿ ಇದ್ದದ್ದು ಹನ್ನೆರಡು ಮಾರು ಕೆಳಗೆ. ಮಾರು ಎಂದರೆ ಎರಡೂ ಕೈ ಅಗಲಿಸಿದರೆ ಆಗುವಷ್ಟು ಉದ್ದ.

ತಿಳಿನೀರು ಹಾಗೆಯೇ. ಇರುವುದಕ್ಕಿಂತ ಹತ್ತಿರ ತೋರಿಸುತ್ತದೆ. ಬಕೆಟ್ ತುಂಬ ನೀರು ಹಾಕಿ ತಳದಲ್ಲಿ ಒಂದು ಚಿಪ್ಪು ಇಟ್ಟು ಮೇಲಿನಿಂದ ನೋಡಿ, ಆಮೇಲೆ ಕೈ ಹಾಕಿ. ಕಂಡಷ್ಟು ಹತ್ತಿರ ಇರುವುದಿಲ್ಲ.

*

ಆಮೇಲಿನಿಂದ ಕುಪ್ಪಮ್ಮ ಮನೆಗೆ ಹೋಗಲಿಲ್ಲ. ದೋಣಿಯನ್ನು ಅಲ್ಲೇ ನಿಲ್ಲಿಸಿ ಕೆಳಗೆ ನೋಡುತ್ತಾ ಕೂತಳು.

ನೀರು ತಿಳಿಯಾಗಿತ್ತು. ಪದ್ದಿ ಕಾಣುತ್ತಿದ್ದಳು. ಬೆಳಿಗ್ಗೆ ಕಾಣುತ್ತಿದ್ದಳು, ಮಧ್ಯಾಹ್ನ ಕಾಣುತ್ತಿದ್ದಳು. ಮುಖ ಕಾಣುತ್ತಿತ್ತು, ಜಡೆಯ ಕೆಂಪು ದಾರ ಕಾಣುತ್ತಿತ್ತು. ಕಂಡಷ್ಟು ಹೊತ್ತೂ ಕುಪ್ಪಮ್ಮ ಕೂತಳು. ಗಂಜಿ ಇಲ್ಲ, ನಿದ್ದೆ ಇಲ್ಲ. ಬೇರೆ ದೋಣಿಯವರು ಬಂದು ಕರೆದರು. ಪದ್ದಿಯನ್ನು ಬಿಡಿಸಿ ತರಲು ಅವರೂ ಮುಳುಗಿ ನೋಡಿದರು, ಅಷ್ಟು ಆಳಕ್ಕೆ ಅವರ ಉಸಿರು ಸಾಲಲಿಲ್ಲ.

ದಡದಲ್ಲಿ ಚಿಕ್ಕಿ ಅಳುತ್ತಿದ್ದಳು. ಮೊದಲ ದಿನ ಜೋರಾಗಿ ಅತ್ತಳು. ಎರಡನೇ ದಿನ ಸ್ವಲ್ಪ ಕಡಿಮೆ. ನಾಲ್ಕನೇ ದಿನ ಆಡಿನ ಮರಿಯ ಹಾಗೆ ಆಗಾಗ ಮಾತ್ರ ದನಿ ಬರುತ್ತಿತ್ತು.

ನೀರುಕಾಗೆ ಹಾರಿ ಬಂದು ಕಡಲಿಗೆ ಹೇಳಿತು, "ಚಿಕ್ಕದು ಯಾರ ಕೈಯಿಂದಲೂ ಉಣ್ಣುವುದಿಲ್ಲ. ಮುದುಕಿ ಸೋತುಹೋದಳು. ಇನ್ನು ಎರಡು ದಿನ ಹೀಗೇ ಆದರೆ ನಿನ್ನ ಲೆಕ್ಕದಲ್ಲಿ ಒಬ್ಬಳಲ್ಲ, ಮೂವರು."

ಕಡಲು ಕುಪ್ಪಮ್ಮನಿಗೆ ಹೇಳಿತು, "ಮನೆಗೆ ಹೋಗು."

"ಮಗಳು ಇಲ್ಲಿದ್ದಾಳೆ."

"ಇನ್ನೊಬ್ಬಳು ಅಲ್ಲಿದ್ದಾಳೆ."

"ಇವಳು ಕಾಣುತ್ತಿದ್ದಾಳೆ," ಎಂದಳು ಕುಪ್ಪಮ್ಮ. "ಕಾಣುವಾಗ ಹೇಗೆ ಬಿಟ್ಟು ಹೋಗಲಿ?"

ಕಡಲು ತುಂಬ ಹೊತ್ತು ಯೋಚಿಸಿತು. ಇವಳು ನೋಡುವುದನ್ನು ನಿಲ್ಲಿಸುವವಳಲ್ಲ. ಹಾಗಾದರೆ ತಾನೇ ತೋರಿಸುವುದನ್ನು ನಿಲ್ಲಿಸಬೇಕು. ಆದರೆ ಕಡಲಿಗೆ ರೆಪ್ಪೆ ಇಲ್ಲ. ಮುಚ್ಚಿಕೊಳ್ಳಲು ಬೇರೆಯವರ ಸಹಾಯ ಬೇಕು.

ಕಡಲು ಮೊದಲು ನದಿಯನ್ನು ಕೇಳಿತು. "ಕೆಸರು ತಾ."

"ಇಸ್ಸಿ!" ಎಂದಿತು ನದಿ. "ಘಟ್ಟದಿಂದ ಇಲ್ಲಿವರೆಗೆ ಮೈ ತೊಳೆದುಕೊಂಡೇ ಬರುವವಳು ನಾನು. ಕೆಸರು ಮೆತ್ತಿಕೊಂಡು ನಿನ್ನ ಮನೆಗೆ ಬಂದರೆ ನೋಡಿದವರು ಎಂತ ಹೇಳುತ್ತಾರೆ?"

"ಬೈಯುತ್ತಾರೆ."

"ನನ್ನನ್ನಾ?"

"ನಿನ್ನನ್ನೇ."

ನದಿ ದಡದ ಕಡೆ ಕಿವಿಗೊಟ್ಟಿತು. "ಆ ಮಗುವಿನ ದನಿ ನನ್ನ ಅಳಿವೆವರೆಗೂ ಕೇಳುತ್ತದೆ," ಎಂದಿತು. ಅಳಿವೆ ಎಂದರೆ ನದಿ ಕಡಲಿಗೆ ಸೇರುವ ಬಾಯಿ. "ಆಯಿತು, ತರುತ್ತೇನೆ. ಆದರೆ ಮಳೆ ಬಂದರೆ ಮಾತ್ರ. ಬೇಸಗೆಯಲ್ಲಿ ನನಗೆ ಅಷ್ಟು ಹೊರುವ ಶಕ್ತಿ ಇಲ್ಲ."

ಕಡಲು ಗಾಳಿಯನ್ನು ಕೇಳಿತು. "ನದಿ ತಂದದ್ದನ್ನು ತಳಕ್ಕೆ ಕೂರಲು ಬಿಡಬೇಡ. ಕಲಕುತ್ತಾ ಇರು."

"ಎಷ್ಟು ಹೊತ್ತು?"

"ಅವಳು ಮನೆಗೆ ಹೋಗುವವರೆಗೆ."

"ಹೋದವಳು ಮತ್ತೆ ಬಂದರೆ?"

"ಮತ್ತೆ ಕಲಕು."

ಕಡಲು ತಳದಜ್ಜಿಯನ್ನು ಎಬ್ಬಿಸಿತು. "ಅಜ್ಜೀ, ಗಾಳಿ ಸೋತು ನಿಂತ ಮೇಲೂ ನೀರು ಮುಚ್ಚಿಯೇ ಇರಬೇಕು. ಏನು ಮಾಡಲಿ?"

"ಯಾರದು, ಮಲಗಿದವಳ ಹೊದಿಕೆ ಎಳೆಯುವುದು?" ಎಂದಳು ತಳದಜ್ಜಿ. "ನನ್ನ ಮೈ ತಣ್ಣಗೆ. ನಾನು ಎದ್ದು ಬಂದರೆ ಮೀನುಗಳಿಗೆ ನಡುಕ ಹಿಡಿಯುತ್ತದೆ. ಆದರೂ ಬರುತ್ತೇನೆ. ಮೇಲಿನ ಬಿಸಿ ನೀರನ್ನು ಗಾಳಿ ಆಚೆ ನೂಕಿ ನನಗೆ ಜಾಗ ಮಾಡಿಕೊಡಲಿ. ನನ್ನ ಸೆರಗಿನಲ್ಲಿ ಸಾವಿರಾರು ವರ್ಷದ ಗೊಬ್ಬರ ಇದೆ. ಬಿಸಿಲಿಗೆ ಕೊಡವಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹಸಿರು ಜೀವಗಳು ಹುಟ್ಟುತ್ತವೆ. ಒಂದೊಂದಾಗಿ ಅವು ಕಾಣುವುದಿಲ್ಲ. ಎಲ್ಲ ಸೇರಿದರೆ ಬೇರೇನೂ ಕಾಣುವುದಿಲ್ಲ."

ಕೊನೆಗೆ ಕಡಲು ಸೆಳವನ್ನು ಕರೆಯಿತು. ಕಡಲು ಬಾಯಿ ತೆರೆಯುವ ಮೊದಲೇ ಸೆಳವು ಹೇಳಿತು, "ನಾನೇನೂ ಮಾಡಲಿಲ್ಲ. ನಾನು ನನ್ನಷ್ಟಕ್ಕೆ ಹೋಗುತ್ತಿದ್ದೆ."

"ನಿನ್ನನ್ನು ಯಾರೂ ಬೈದಿಲ್ಲ," ಎಂದಿತು ಕಡಲು.

"ನಾನು ನನ್ನಷ್ಟಕ್ಕೆ ಹೋಗುತ್ತಿದ್ದೆ."

"ಗೊತ್ತು. ಈಗ ಒಂದು ಕೆಲಸ ಮಾಡು. ನದಿಯ ಅಳಿವೆ ಇರುವುದು ಬಡಗಿನಲ್ಲಿ. ಅದರ ಕೆಸರು ಅಲ್ಲೇ ಕೂತರೆ ಬಂಡೆಯವರೆಗೆ ಬರುವುದಿಲ್ಲ. ನೀನು ತಿರುಗು. ತೆಂಕು ಮುಖವಾಗಿ ಅದನ್ನು ಎಳೆದುಕೊಂಡು ಬಾ."

ಸೆಳವು ಅದುವರೆಗೆ ಒಮ್ಮೆಯೂ ತಿರುಗಿರಲಿಲ್ಲ. ಆ ದಿನ ತಿರುಗಿತು.

*

ಮಳೆ ಬಂತು. ನದಿ ಕೆಮ್ಮಣ್ಣು ಹೊತ್ತು ತಂದಿತು. ಸೆಳವು ಅದನ್ನು ಬಂಡೆಯವರೆಗೆ ಎಳೆಯಿತು. ಗಾಳಿ ಕಲಕಿತು.

ಕುಪ್ಪಮ್ಮ ನೋಡುತ್ತಿದ್ದ ಹಾಗೆಯೇ ಮೊದಲು ಜಡೆಯ ಕೆಂಪು ದಾರ ಮಾಸಿತು. ಆಮೇಲೆ ಕೈ ಮಾಸಿತು. ಆಮೇಲೆ ಮುಖ.

"ಕಳ್ಳ ಕಡಲೇ!" ಎಂದು ಕೂಗಿದಳು. "ಉಸಿರು ಕಿತ್ತುಕೊಂಡದ್ದು ಸಾಲಲಿಲ್ಲವಾ? ನೋಡುವುದಕ್ಕೂ ಬಿಡುವುದಿಲ್ಲವಾ? ಎಲ್ಲಿಟ್ಟೆ ಅವಳನ್ನು?"

ಅವಳು ದೋಣಿಯ ಹುಟ್ಟಿನಿಂದ ನೀರಿಗೆ ಹೊಡೆದಳು. ಕೆಸರು ಇನ್ನೂ ಮೇಲೆದ್ದಿತು.

ನೋಡಲು ಏನೂ ಇಲ್ಲದಾದಾಗ ಅವಳಿಗೆ ಕಿವಿ ಕೇಳಿತು. ದಡದಿಂದ ಸಣ್ಣ ದನಿ. ಅವಳು ದೋಣಿ ತಿರುಗಿಸಿದಳು. ಚಿಕ್ಕಿಯನ್ನು ಎತ್ತಿಕೊಂಡಾಗ ಅದರ ಭಾರವೇ ತಿಳಿಯಲಿಲ್ಲ. ಗಂಜಿ ಕಾಯಿಸಿದಳು. ಒಂದು ತುತ್ತು ಅವಳಿಗೆ, ಒಂದು ತುತ್ತು ತನಗೆ. ಬೈಯುತ್ತಲೇ ಉಂಡಳು, ಕಡಲನ್ನು, ನದಿಯನ್ನು, ತನ್ನ ಎರಡು ಕೈಗಳನ್ನು.

ನಾಲ್ಕು ತಿಂಗಳು ಹಾಗೆ ಹೋಯಿತು. ಮಳೆ ನಿಂತ ಮೇಲೂ ತಳದಜ್ಜಿಯ ಹಸಿರು ನೀರನ್ನು ಮುಚ್ಚಿಟ್ಟಿತ್ತು. ಚಿಕ್ಕಿಯ ಕೆನ್ನೆ ಮತ್ತೆ ತುಂಬಿತು.

ಆಗ ಕುಪ್ಪಮ್ಮ ನೀರಿನಂಚಿಗೆ ಬಂದು ನಿಂತಳು. ಈ ಸಲ ಕೂಗಲಿಲ್ಲ.

"ಯಾಕೆ ಮುಚ್ಚಿದೆ ಎಂದು ಗೊತ್ತಾಯಿತು," ಎಂದಳು. "ಚಿಕ್ಕಿ ಉಳಿದಳು. ಆದರೆ ಹೀಗೇ ಮುಚ್ಚಿಟ್ಟರೆ ದೊಡ್ಡವಳ ಮುಖ ನನಗೆ ಮರೆತುಹೋಗುತ್ತದೆ. ಈಗಲೇ ಮೂಗು ಸರಿಯಾಗಿ ನೆನಪಾಗುವುದಿಲ್ಲ. ಒಮ್ಮೆ ತೋರಿಸು."

ಕಡಲಿಗೆ ಇಲ್ಲ ಎನ್ನಲು ಆಗಲಿಲ್ಲ. ಗಾಳಿಗೆ ಸಾಕು ಎಂದಿತು. ನದಿ ಕೆಸರು ನಿಲ್ಲಿಸಿತು. ತಳದಜ್ಜಿ ಮೆಲ್ಲಗೆ ಕೆಳಗಿಳಿದು ಮಲಗಿದಳು. ಸೆಳವು ಮತ್ತೆ ತಿರುಗಿ, ತೆಂಕಿನ ದೂರದಿಂದ ಬೆಚ್ಚನೆಯ ತಿಳಿನೀರನ್ನು ತಂದಿತು. ಮಾರ್ಗಶಿರದ ಒಂದು ಬೆಳಿಗ್ಗೆ ನೀರು ಮೊದಲಿನ ಹಾಗೆ ತೆರೆಯಿತು.

ಕುಪ್ಪಮ್ಮ ಬಂಡೆಯ ನೇರಕ್ಕೆ ದೋಣಿ ನಿಲ್ಲಿಸಿ ಬಗ್ಗಿದಳು. ನೀರು ತಿಳಿಯಾಗಿತ್ತು. ಎಲ್ಲವೂ ಕಾಣುತ್ತಿತ್ತು. ಬಂಡೆ ಇತ್ತು, ಬಿರುಕು ಇತ್ತು. ಬಿರುಕಿನಲ್ಲಿ ಒಂದು ತುಂಡು ಹಗ್ಗ ಇತ್ತು, ಅದರ ಮೈತುಂಬ ಉಗುರಿನಷ್ಟು ಸಣ್ಣ ಪಚ್ಚಿಲೆ.

ಪದ್ದಿ ಇರಲಿಲ್ಲ.

"ಎಲ್ಲಿ?" ಎಂದಳು.

ಕಡಲು ಸೆಳವಿನ ಕಡೆ ನೋಡಿತು. ಸೆಳವು ಈ ಸಲ 'ನನ್ನಷ್ಟಕ್ಕೆ ಹೋಗುತ್ತಿದ್ದೆ' ಎನ್ನಲಿಲ್ಲ.

"ನಾನು ತಿರುಗಿದೆನಲ್ಲ," ಎಂದಿತು. "ತಿರುಗುವಾಗ ಅವಳ ಕಾಲು ಬಿರುಕಿನಿಂದ ಬಿಟ್ಟಿತು. ನನ್ನ ಜೊತೆ ಬಂದಳು. ಎಲ್ಲಿಯೋ ಇಳಿಸಿದೆ. ಎಲ್ಲಿ ಎಂದು ತಿಳಿಯದು. ನೀರು ಕದಡಿತ್ತು, ಕುಪ್ಪಮ್ಮಾ. ನನಗೂ ಕಾಣಲಿಲ್ಲ."

ನೀರುಕಾಗೆ ರೆಕ್ಕೆ ಒಣಗಿಸುವುದನ್ನು ಬಿಟ್ಟು ಕೂತಿತು.

"ಹುಡುಕು," ಎಂದಳು ಕುಪ್ಪಮ್ಮ.

"ಯಾವ ಕಡೆ?"

"ಬಡಗಿಗೆ ಹೋಗಿ ಹುಡುಕು. ಸಿಗದಿದ್ದರೆ ತೆಂಕಿಗೆ ಹೋಗಿ ಹುಡುಕು."

"ಅಲ್ಲೂ ಸಿಗದಿದ್ದರೆ?"

"ಮತ್ತೆ ಹುಡುಕು."

ಸೆಳವು ಹೊರಟಿತು. ಕುಪ್ಪಮ್ಮ ದೋಣಿಯಲ್ಲೇ ಕೂತಳು. ನೀರು ತಿಳಿಯಾಗಿದ್ದಷ್ಟು ದಿನವೂ ಬಂಡೆಯಿಂದ ಬಂಡೆಗೆ ಹೋಗಿ ಬಗ್ಗಿ ಬಗ್ಗಿ ನೋಡಿದಳು. ಗಂಜಿ ಮರೆತಳು. ದಡದಲ್ಲಿ ಚಿಕ್ಕಿ ಮತ್ತೆ ಅಳತೊಡಗಿದಳು.

ಕಡಲು ಹೇಳಿತು, "ಇದು ಹೀಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಕೇಳು. ಅರ್ಧ ವರ್ಷ ತೆರೆದಿಡುತ್ತೇನೆ, ನೀನು ಹುಡುಕು. ಅರ್ಧ ವರ್ಷ ಮುಚ್ಚುತ್ತೇನೆ, ನೀನು ಚಿಕ್ಕಿಯ ಜೊತೆ ಇರು."

ಮೋಡ ಕಟ್ಟಿದಾಗ ಕುಪ್ಪಮ್ಮ ದೋಣಿಯನ್ನು ಮರಳಿನ ಮೇಲೆ ಎಳೆದು ಬೋರಲು ಹಾಕಿದಳು. ಮಳೆಗಾಲದಲ್ಲಿ ನಮ್ಮ ದಡದಲ್ಲಿ ದೋಣಿಗಳು ಬೋರಲಾಗಿ ಮಲಗಿರುವುದನ್ನು ನೀವು ನೋಡಿದ್ದೀರಿ. ಮೊದಲು ಬೋರಲು ಬಿದ್ದ ದೋಣಿ ಅದು.

ವರ್ಷಗಳಾದವು. ಚಿಕ್ಕಿ ಬೆಳೆದಳು. ಹೊಟ್ಟೆ ಕೇಳಬೇಕಲ್ಲ, ಅವಳೂ ಪಚ್ಚಿಲೆಗೆ ಮುಳುಗಬೇಕಾಯಿತು. ಕುಪ್ಪಮ್ಮ ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಎರಡೂ ಅಂಗೈಗೆ ಸುತ್ತಿಕೊಂಡು, ನೀರಿಗೆ ಬೆನ್ನು ಹಾಕಿ ದಡದ ಕಡೆ ಮುಖ ಮಾಡಿ ಕೂತಳು.

"ಅಮ್ಮಾ, ನನ್ನನ್ನು ನೋಡುವುದಿಲ್ಲವಾ?" ಎಂದಳು ಚಿಕ್ಕಿ. "ಇವತ್ತು ನೀರು ಎಷ್ಟು ತಿಳಿಯಿದೆ!"

"ನೋಡುವುದಿಲ್ಲ."

"ಮತ್ತೆ?"

"ಹಿಡಿದುಕೊಂಡಿರುತ್ತೇನೆ."

ಅವತ್ತಿನಿಂದ ನಮ್ಮಲ್ಲಿ ಹಗ್ಗ ಹಿಡಿದವರು ನೀರು ನೋಡುವುದಿಲ್ಲ. ತಿಳಿ ಇದ್ದರೂ ನೋಡುವುದಿಲ್ಲ, ಕದಡಿದ್ದರೂ ನೋಡುವುದಿಲ್ಲ. ಬೆನ್ನು ಹಾಕಿ ಕೂರುತ್ತೇವೆ. ರೂಢಿಯಾಗಿ ಹಗ್ಗ ಇಲ್ಲದ ದಿನವೂ ನಾನು ಹಾಗೇ ಕೂರುತ್ತೇನೆ, ರೇವತಿಯ ಜೊತೆ ಬರುವ ಪ್ರವಾಸಿಗಳು ನನ್ನನ್ನು ನೋಡಿ, "ಅಜ್ಜನಿಗೆ ನಿದ್ದೆ ಬಂದಿದೆ," ಎಂದು ನಗುತ್ತಾರೆ. ನಗಲಿ. ಕೈಗೆ ಗೊತ್ತಾಗುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ಅವಳು ಉಸಿರು ಬಿಡುವುದು, ಬಂಡೆ ಮುಟ್ಟುವುದು, ತಿರುಗುವುದು, ಎಲ್ಲ ಹಗ್ಗದಲ್ಲಿ ಬರುತ್ತದೆ. ಪ್ರಣಮ್ಯ, ನೀನು ಕೇಳಿದ್ದಕ್ಕೆ ಉತ್ತರ ಇದೇ.

*

ಸೆಳವಿಗೆ ಪದ್ದಿ ಇನ್ನೂ ಸಿಕ್ಕಿಲ್ಲ. ಅದಕ್ಕೇ ಇವತ್ತಿಗೂ ಅದು ಮಳೆಗಾಲದಲ್ಲಿ ತೆಂಕಿಗೆ, ಚಳಿಗಾಲದಲ್ಲಿ ಬಡಗಿಗೆ, ವರ್ಷಕ್ಕೆ ಎರಡು ಸಲ ತಿರುಗುತ್ತದೆ. ಅದಕ್ಕೇ ಜೂನ್ ಬಂದರೆ ನೀವು ಶಾಲೆಗೆ ಹೋಗುವ ದಾರಿಯಿಂದ ನೋಡುವ ಕಡಲು ಕೆಂಪಗೆ ಕದಡಿಕೊಳ್ಳುತ್ತದೆ, ಆಗಸ್ಟಿನಲ್ಲಿ ಹಸಿರಾಗುತ್ತದೆ, ಡಿಸೆಂಬರಿನಲ್ಲಿ ತೆರೆದುಕೊಳ್ಳುತ್ತದೆ.

ಇದನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ಪೂರ್ತಿ ಆಗುವುದಿಲ್ಲ. ಮಳೆಗಾಲದಲ್ಲಿ ಮುಳುಗಿದವನಿಗೆ ತನ್ನ ಅಂಗೈಯೇ ಕಾಣುವುದಿಲ್ಲ. ಅದಕ್ಕೆ ಆಗ ರೇವತಿಗೆ ಕೆಲಸ ಇಲ್ಲ, ಮನೆಯಲ್ಲಿರುತ್ತಾಳೆ, ಪ್ರಣಮ್ಯ, ನಿನ್ನ ಜಡೆ ಹಾಕುತ್ತಾಳೆ. ಅಕ್ಟೋಬರಿನಲ್ಲಿ, ಅಂದರೆ ಈಗ, ಒಂದು ದಿನ ಎರಡು ಮಾರು ಕಂಡರೆ ಮರುದಿನ ನಾಲ್ಕು ಮಾರು ಕಾಣಬಹುದು, ಅದರ ಮರುದಿನ ಏನೂ ಕಾಣದಿರಬಹುದು. ನಂಬುವ ಹಾಗಿಲ್ಲ. ಡಿಸೆಂಬರಿನಲ್ಲಿ ಹತ್ತು ಹನ್ನೆರಡು ಮಾರು ಕಾಣುತ್ತದೆ. ಆಗ ಎಲ್ಲರೂ ಖುಷಿಪಡುತ್ತಾರೆ. ನನಗೆ ಮಾತ್ರ ಆಗಲೇ ಹೆದರಿಕೆ ಹೆಚ್ಚು. ಯಾಕೆ ಎಂದು ಈಗ ನಿಮಗೆ ಗೊತ್ತು.

ಇನ್ನೊಂದಿದೆ. ಈ ತಿಂಗಳಲ್ಲಿ ಇಳಿಯುವಾಗ ಮೊದಲು ಬೆಚ್ಚನೆಯ ನೀರು ಸಿಗುತ್ತದೆ, ಐದಾರು ಮಾರು ಆದ ಮೇಲೆ ಒಮ್ಮೆಲೇ ತಣ್ಣಗಾಗುತ್ತದೆ. ಎರಡೂ ಕೂಡುವ ಕಡೆ ನೀರು ಗಾಜಿಗೆ ಎಣ್ಣೆ ಸವರಿದ ಹಾಗೆ ಮಸುಕಾಗಿ ಅಲುಗುತ್ತದೆ, ಅಲ್ಲಿ ಎದುರಿನವರ ಮುಖ ಕೂಡ ಗುರುತು ಸಿಗುವುದಿಲ್ಲ ಎಂದು ರೇವತಿ ಹೇಳುತ್ತಾಳೆ. ಅದು ಯಾಕೆಂದರೆ, ತಳದಜ್ಜಿ ಇನ್ನೂ ಪೂರ್ತಿ ಕೆಳಗೆ ಇಳಿದಿರುವುದಿಲ್ಲ, ಅವಳ ಸೆರಗಿನ ಅಂಚು ಮೇಲಿನ ನೀರಿಗೆ

ರೇವತಿ ಕರೆದಳು, "ಅಪ್ಪಾ, ಹಗ್ಗ!" ಎಂದು. ಹಗ್ಗಕ್ಕೆ ಎರಡೂ ಕೈ ಬೇಕು, ಮಗಾ.